ಕ್ರೂಗರ್ ಕಾಡಿನಲ್ಲಿ ಕಾರು ನೀವೇ ಓಡಿಸುವುದಾದರೆ

ದಕ್ಷಿಣ ಆಫ್ರಿಕಾದ ಕ್ರೂಗರ್ ರಾಷ್ಟ್ರೀಯ ಉದ್ಯಾನದಲ್ಲಿ ಗೈಡ್ ಇಲ್ಲದೆ, ಬಾಡಿಗೆ ಕಾರಿನಲ್ಲೇ ಸಫಾರಿ ಮಾಡಬಹುದು. ಫೋರ್‌ವೀಲ್ ಡ್ರೈವ್ ಬೇಕಿಲ್ಲ. ಮುಖ್ಯ ರಸ್ತೆಗಳಿಗೆ ಡಾಂಬರಿದೆ, ಮಣ್ಣಿನ ದಾರಿಗಳಲ್ಲೂ ಹೆಚ್ಚಿನವಕ್ಕೆ ಸಾದಾ ಕಾರು ಸಾಕು. ಆದರೂ ಸೀಟು ಎತ್ತರವಿರುವ ಗಾಡಿ ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ. ಹುಲ್ಲಿನಾಚೆಗೆ ಕಣ್ಣು ಹಾಯುತ್ತದೆ.

ಈ ಕಾಡು ಉತ್ತರದಿಂದ ದಕ್ಷಿಣಕ್ಕೆ ಸುಮಾರು 360 ಕಿ.ಮೀ. ಉದ್ದ. ಪೂರ್ತಿ ನೋಡಿಬಿಡುತ್ತೇವೆಂದು ಹೊರಟವರಿಗೆ ಕೊನೆಗೆ ನೆನಪಿರುವುದು ರಸ್ತೆ ಮಾತ್ರ. ನಾಲ್ಕು ರಾತ್ರಿ ಇದ್ದರೆ ಕಾಡಿನೊಳಗಿನ ವಸತಿ ಕ್ಯಾಂಪುಗಳಾದ ಲೋಯರ್ ಸಾಬಿಯಲ್ಲಿ ಎರಡು, ಸತಾರಾದಲ್ಲಿ ಎರಡು ಸಾಕು. ಕೊಠಡಿಗಳನ್ನು ತಿಂಗಳುಗಳ ಮೊದಲೇ ಕಾದಿರಿಸಿ.

ಮೊದಲ ಸಲಕ್ಕೆ ಮೇ–ಸೆಪ್ಟೆಂಬರ್ ಒಳ್ಳೆಯದು. ಆಗ ಹುಲ್ಲು ಒಣಗಿ ಕುಗ್ಗಿರುತ್ತದೆ, ಪ್ರಾಣಿಗಳು ನೀರಿನ ಆಸುಪಾಸಿನಲ್ಲೇ ಇರುತ್ತವೆ. ಅದು ಅಲ್ಲಿನ ಚಳಿಗಾಲ, ಬೆಳಗಿನ ಚಳಿಗೆ ಸ್ವೆಟರ್ ಬೇಕೇ ಬೇಕು. ಉಳಿದ ತಿಂಗಳುಗಳ ಮಳೆಗಾಲದಲ್ಲಿ ಹಕ್ಕಿಗಳೂ ಜಿಂಕೆಯಂಥ ಇಂಪಾಲಾಗಳ ಮರಿಗಳೂ ಹೆಚ್ಚು, ಮಲೇರಿಯಾ ಅಪಾಯವೂ ಹೆಚ್ಚು. ಮಾತ್ರೆಯನ್ನು ಪ್ರಯಾಣಕ್ಕೆ ಮೊದಲೇ ಶುರುಮಾಡಬೇಕಾಗುವುದರಿಂದ ವೈದ್ಯರನ್ನು ಮುಂಚೆಯೇ ಕಾಣಿ.

ಕ್ಯಾಂಪಿನ ಗೇಟು ತೆರೆಯುವ ಹೊತ್ತಿಗೆ ಎಂಜಿನ್ ಚಾಲೂ ಆಗಿರಲಿ. ತೆರೆಯುವ, ಮುಚ್ಚುವ ಸಮಯ ತಿಂಗಳಿಗೆ ತಕ್ಕಂತೆ ಬದಲಾಗುತ್ತದೆ. ಚಳಿಗಾಲದಲ್ಲಿ ಬೆಳಿಗ್ಗೆ 6ಕ್ಕೆ ತೆರೆಯುತ್ತದೆ. ರಾತ್ರಿ ಬೇಟೆಯಾಡಿದ ಸಿಂಹ, ಕತ್ತೆಕಿರುಬಗಳು ಇನ್ನೂ ನಡೆದಾಡುತ್ತಿರುವುದು ಆಗಲೇ. ಬಿಸಿಲು ಬಲಿತರೆ ಪೊದೆ ಸೇರುತ್ತವೆ, ಆಮೇಲೆ ಹತ್ತು ಮೀಟರ್ ದೂರದಲ್ಲಿ ಮಲಗಿದ್ದರೂ ಕಾಣುವುದಿಲ್ಲ.

ವೇಗದ ಮಿತಿ ಡಾಂಬರಿನಲ್ಲಿ ಗಂಟೆಗೆ 50, ಮಣ್ಣಿನಲ್ಲಿ 40 ಕಿ.ಮೀ. ಪ್ರಾಣಿ ಕಾಣಬೇಕೆಂದರೆ 20–25 ಸಾಕು. ಸ್ಕುಕುಜಾ ಕ್ಯಾಂಪಿನಿಂದ ಸತಾರಾಗೆ ಸುಮಾರು 90 ಕಿ.ಮೀ.; ನಿಲ್ಲಿಸುತ್ತಾ ಹೋದರೆ ಐದು ಗಂಟೆ ಹಿಡಿಯಿರಿ. ಈ ಲೆಕ್ಕ ತಪ್ಪಿದವರೇ ಸಂಜೆ ಗೇಟು ಮುಚ್ಚೀತೆಂದು ಕಾರು ಓಡಿಸುವುದು. ತಡವಾದರೆ ದಂಡ ಬೀಳುತ್ತದೆ.

ನೋಡುವುದಕ್ಕೂ ಒಂದು ರೀತಿಯಿದೆ. ಪೊದೆಯನ್ನಲ್ಲ, ಪೊದೆಯ ಸಂದಿನಾಚೆ ನೋಡಿ. ಇಡೀ ಪ್ರಾಣಿಯನ್ನು ಹುಡುಕಬೇಡಿ. ಅಲುಗುವ ಕಿವಿ, ನೇರ ಕಾಂಡಗಳ ನಡುವೆ ಅಡ್ಡಗೆರೆಯಂಥ ಬೆನ್ನು, ನದಿ ಬದಿಯ ದೊಡ್ಡ ಮರದ ಕೊಂಬೆಯಿಂದ ಇಳಿಬಿದ್ದ ಬಾಲ, ಇವು ಕಣ್ಣಿಗೆ ಬೀಳಬೇಕು. ಮೇಯುತ್ತಿದ್ದ ಜಿರಾಫೆಗಳೆಲ್ಲ ಬಾಯಾಡಿಸುವುದು ನಿಲ್ಲಿಸಿ ಒಂದೇ ದಿಕ್ಕಿಗೆ ದಿಟ್ಟಿಸಿದರೆ ಅಲ್ಲೇ ನಿಂತು ಕಾಯಿರಿ. ಇಂಪಾಲಾ ಮೂಗಿನಿಂದ ಬುಸ್ಸೆಂದು ಎಚ್ಚರಿಸಿದರೂ ಅಷ್ಟೇ. ಎಂಜಿನ್ ಆರಿಸಿದರೆ ತಾನೆ ಅದು ಕೇಳುವುದು! ಲೋಯರ್ ಸಾಬಿ ಪಕ್ಕದ ಸನ್‌ಸೆಟ್ ಡ್ಯಾಮ್ ಬಳಿ ಸುಮ್ಮನೆ ಒಂದು ಗಂಟೆ ಕುಳಿತರೆ ನೀರಾನೆ, ಮೊಸಳೆಗಳಂತೂ ಖಾತ್ರಿ. ಸಾಬಿ ನದಿಗುಂಟ ಹೋಗುವ ಎಚ್4-1 ರಸ್ತೆಯಲ್ಲಿ ಚಿರತೆಯ ಅವಕಾಶ ಚೆನ್ನಾಗಿದೆ, ಕಾರುಗಳ ದಟ್ಟಣೆಯೂ ಅಷ್ಟೇ ಇದೆ. ಸಿಂಹಕ್ಕೆ ಸತಾರಾ ಬಳಿಯ ಎಸ್100 ರಸ್ತೆ.

ಆನೆಯ ವಿಷಯದಲ್ಲಿ ಸಲುಗೆ ಬೇಡ. ಆಫ್ರಿಕಾದ ಆನೆಗಳಲ್ಲಿ ಹೆಣ್ಣಿಗೂ ಕೆನ್ನೆ ಒದ್ದೆಯಾಗುತ್ತದೆ, ಹಾಗಾಗಿ ಅದೊಂದನ್ನೇ ನೋಡಿ ಮದವೆನ್ನಲಾಗದು. ಸಲಗದ ಹಿಂಗಾಲುಗಳ ಒಳಬದಿಗೆ ಮೂತ್ರ ತೊಟ್ಟಿಕ್ಕುತ್ತಿದ್ದರೆ ಮಾತ್ರ ಅದು ಮದವೇ. ನೂರು ಮೀಟರಿಗೂ ಹತ್ತಿರ ಹೋಗಬೇಡಿ. ತಾಯಿಗೂ ಮರಿಗೂ ನಡುವೆ ಕಾರು ನುಗ್ಗಿಸಬೇಡಿ. ತಲೆ ಎತ್ತಿ, ಕಿವಿ ಹರಡಿ ನಿಮ್ಮತ್ತ ತಿರುಗಿದರೆ ಹಾರನ್ ಹೊಡೆಯದೆ ನಿಧಾನಕ್ಕೆ ಹಿಂದೆ ಸರಿಯಿರಿ. ಅದಕ್ಕೇ ನಿಮ್ಮ ಹಿಂದಿನ ಜಾಗ ಸದಾ ಖಾಲಿ ಇರಲಿ. ಹಿಂದೊಂದು ಕಾರು ಅಂಟಿಕೊಂಡು ನಿಂತಿದ್ದರೆ ಆನೆಯ ಹತ್ತಿರ ಹೋಗಲೇಬೇಡಿ.

ಇಳಿಯಲು ಅನುಮತಿಯಿರುವ ಜಾಗಗಳನ್ನು ಬಿಟ್ಟು ಬೇರೆಲ್ಲೂ ಬಾಗಿಲು ತೆರೆಯುವಂತಿಲ್ಲ, ಕಿಟಕಿಯಿಂದ ಮೈ ಹೊರಚಾಚುವಂತಿಲ್ಲ. ಡ್ರೋನ್ ನಿಷಿದ್ಧ. ಪೆಟ್ರೋಲು ದೊಡ್ಡ ಕ್ಯಾಂಪುಗಳಲ್ಲಿ ಸಿಗುತ್ತದೆ. ಟ್ಯಾಂಕು ಅರ್ಧಕ್ಕಿಳಿದಾಗಲೇ ತುಂಬಿಸಿಕೊಳ್ಳಿ. ಕ್ಯಾಂಪಿನೊಳಗೆ ನಿಜವಾದ ಕಾಟ ಕೋತಿ, ಬಬೂನುಗಳದ್ದು. ಹೊರಗಿಟ್ಟ ಫ್ರಿಜ್ಜನ್ನೂ ತೆರೆಯಬಲ್ಲವು, ಆದ್ದರಿಂದ ವರಾಂಡದ ಫ್ರಿಜ್ಜಿಗೆ ಚಿಲಕ ಬಿದ್ದಿದೆಯೇ ಎಂದು ನೋಡಿಕೊಂಡೇ ಹೊರಡಿ.