ಅಂಗಡಿಗೆ ವರ್ಚುವಲ್ ಅಸಿಸ್ಟೆಂಟ್ ಬೇಕಾ? ಮೊದಲು ಒಂದು ನೋಟ್‌ಬುಕ್ ತಗೊಳ್ಳಿ

ಸಂಜೆ ಹೊತ್ತು ನಮ್ಮ ದಾವಣಗೆರೆಯ ಚೌಕಿಪೇಟೆಯಲ್ಲೋ ಮಂಡಿಪೇಟೆಯಲ್ಲೋ ಯಾವುದಾದರೂ ಅಂಗಡಿಗೆ ಹೋಗಿ ನೋಡಿ. ಮಾಲೀಕರು ಒಂದು ಕೈಯಲ್ಲಿ ಬಿಲ್ ಹಾಕುತ್ತಾ, ಇನ್ನೊಂದು ಕೈಯಲ್ಲಿ ವಾಟ್ಸ್‌ಆ್ಯಪ್ ನೋಡುತ್ತಾ, ಎದುರಿಗಿರುವ ಗಿರಾಕಿಗೂ ಫೋನಿನಲ್ಲಿರುವ ಗಿರಾಕಿಗೂ ಸರಿಯಾಗಿ ಉತ್ತರ ಕೊಡಲಾಗದೆ ಒದ್ದಾಡುತ್ತಿರುತ್ತಾರೆ. ಮನೆಯಲ್ಲೇ ಕೂತು ಫೋನು, ಕಂಪ್ಯೂಟರಿನಲ್ಲಿ ಈ ಕೆಲಸ ಮಾಡಿಕೊಡುವವರನ್ನು, ಅಂದರೆ ವರ್ಚುವಲ್ ಅಸಿಸ್ಟೆಂಟನ್ನು ಇಟ್ಟುಕೊಳ್ಳೋಣ ಅನ್ನುವ ಯೋಚನೆ ಬರುವುದು ಆಗಲೇ. ಇಟ್ಟುಕೊಳ್ಳುತ್ತಾರೆ. ತಿಂಗಳು ತುಂಬುವುದರೊಳಗೆ ಬಿಡಿಸುತ್ತಾರೆ. ಯಾಕೆ ಅಂದರೆ "ಆ ಹುಡುಗಿಗೆ ಏನೂ ಗೊತ್ತಾಗಲ್ಲ ರೀ" ಅಂತಾರೆ. ಗೊತ್ತಾಗೋದಾದರೂ ಹೇಗೆ, ಯಾರೂ ಏನೂ ಹೇಳೇ ಇಲ್ಲವಲ್ಲ!

1. ಯಾವ ಕೆಲಸ ಕೊಡಬೇಕು

ಮೆಸೇಜ್‌ಗೆ ಉತ್ತರ, ಆರ್ಡರ್ ಬರೆದಿಡೋದು, ಹೊಸ ಮಾಲಿನ ಫೋಟೊ ಕ್ಯಾಟಲಾಗ್‌ಗೆ ಹಾಕೋದು, ಬಿಲ್‌ಗಳನ್ನು ಟ್ಯಾಲಿ ಅನ್ನುವ ಲೆಕ್ಕದ ಸಾಫ್ಟ್‌ವೇರ್‌ಗೆ ಏರಿಸೋದು. ಶುರುವಿಗೆ ಇಷ್ಟು ಸಾಕು. ಚೌಕಾಶಿ ಮತ್ತು ಉದ್ರಿ ವಸೂಲಿ ನಿಮ್ಮ ಕೈಯಲ್ಲೇ ಇರಲಿ.

2. ತಲೆಯಲ್ಲಿರೋದನ್ನು ಕಾಗದಕ್ಕಿಳಿಸಿ

ಹೆಚ್ಚಿನವರು ಎಡವೋದು ಇಲ್ಲೇ. ಬಟ್ಟೆ ಅಂಗಡಿ ಅಂತ ಇಟ್ಟುಕೊಳ್ಳಿ. ಬೆಳಗ್ಗೆ ಒಂದು ವಾಯ್ಸ್ ಮೆಸೇಜ್ ಬರುತ್ತದೆ: "ಅಣ್ಣಾರೆ, ಹೋದ ಸಲ ತಗಂಡಿದ್ನಲ್ಲ, ಅದೇ ಸೀರೆ, ಹಸಿರಂದು ಇನ್ನೆರಡು ಬೇಕು. ಅದೇ ರೇಟ್ ಹಾಕ್ರಿ. ಮಧ್ಯಾಹ್ನದ ಜಗಳೂರು ಬಸ್ಸಿಗೆ ಹಾಕಿಬಿಡ್ರಿ, ದುಡ್ಡು ಆಮೇಲೆ ಕಳಿಸ್ತೀನಿ." ನಿಮಗೆ ಇದು ಪೂರ್ತಿ ಅರ್ಥವಾಗುತ್ತದೆ. ಮಾತಾಡಿದ್ದು ಯಾರು, ಹೋದ ಸಲ ಯಾವ ಸೀರೆ, ಎಷ್ಟು ಬಿಟ್ಟು ಕೊಟ್ಟಿದ್ದಿರಿ, ಉದ್ರಿ ಕೊಡಬಹುದಾ, ಯಾವ ಬಸ್ಸಿನವರು ಪಾರ್ಸಲ್ ತಗೊಳ್ತಾರೆ, ಎಲ್ಲ ನಿಮಗೆ ಬಾಯಿಪಾಠ. ಅಸಿಸ್ಟೆಂಟ್‌ಗೆ ಇದರಲ್ಲಿ ಒಂದೂ ಗೊತ್ತಿಲ್ಲ. ಅವರು ನಿಮಗೆ ಫೋನ್ ಮಾಡುತ್ತಾರೆ. ಪ್ರತಿ ಮೆಸೇಜ್‌ಗೂ ಹೀಗೇ ಫೋನ್ ಬಂದರೆ ನಿಮಗೆ ಮೊದಲಿಗಿಂತ ಕೆಲಸ ಜಾಸ್ತಿ ಆಯಿತು, ಸಂಬಳ ಬೇರೆ ದಂಡ.

ಅದಕ್ಕೇ ಯಾರನ್ನೂ ಹುಡುಕುವ ಮೊದಲು ಒಂದು ವಾರ ಬಂದ ಮೆಸೇಜ್‌ಗಳನ್ನೆಲ್ಲ ಮುಂದಿಟ್ಟುಕೊಂಡು ಕೂತುಕೊಳ್ಳಿ. ಒಂದೊಂದು ಬಗೆಯ ಪ್ರಶ್ನೆಗೆ ನೋಟ್‌ಬುಕ್‌ನಲ್ಲಿ ಒಂದೊಂದು ಪುಟ. ಅದಕ್ಕೆ ನೀವು ಏನು ಉತ್ತರ ಕೊಡ್ತೀರೋ ಅದನ್ನೇ, ನಿಮ್ಮ ಮಾತಿನಲ್ಲೇ ಬರೆಯಿರಿ. ಪದೇ ಪದೇ ಬರುವ ಉತ್ತರಗಳನ್ನು ವಾಟ್ಸ್‌ಆ್ಯಪ್ ಬಿಸಿನೆಸ್‌ನ ಕ್ವಿಕ್ ರಿಪ್ಲೈಗೆ ಹಾಕಿಡಬಹುದು, 50ರವರೆಗೆ ಜಾಗ ಇದೆ.

ಆಮೇಲೆ ಗೂಗಲ್ ಶೀಟ್‌ನಲ್ಲಿ ಮೂರು ಪಟ್ಟಿ. ಮೊದಲನೆಯದು ಮಾಲು: ಕೋಡ್, ಬಣ್ಣ, ಬೆಲೆ, ಎಷ್ಟು ಉಳಿದಿದೆ. ಫೋಟೊ ತೆಗೆಯುವಾಗಲೇ ಸೀರೆಯ ಮೇಲೆ ಕೋಡ್ ಬರೆದ ಚೀಟಿ ಇಟ್ಟು ತೆಗೆಯಿರಿ. ಗಿರಾಕಿ ಅದೇ ಫೋಟೊ ವಾಪಸ್ ಕಳಿಸಿ "ಇದು ಇದೆಯಾ" ಅಂದಾಗ ಕೋಡ್ ಅಲ್ಲೇ ಕಾಣುತ್ತದೆ, ಹಸಿರು ಅಂದರೆ ಗಿಳಿ ಹಸಿರೋ ಪಾಚಿ ಹಸಿರೋ ಅನ್ನುವ ಜಗಳವೇ ಇಲ್ಲ. ಎರಡನೆಯದು ಕಾಯಂ ಗಿರಾಕಿಗಳು: ಯಾರಿಗೆ ಎಷ್ಟು ರಿಯಾಯಿತಿ, ಯಾರಿಗೆ ಎಷ್ಟರವರೆಗೆ ಉದ್ರಿ. ಮೂರನೆಯದು ಬಸ್ಸು: ಹರಿಹರ, ಹೊನ್ನಾಳಿ, ಚನ್ನಗಿರಿ, ಜಗಳೂರು ಕಡೆ ಪಾರ್ಸಲ್ ಒಯ್ಯುವ ಬಸ್ಸುಗಳು, ಹೊರಡುವ ಹೊತ್ತು, ಕಂಡಕ್ಟರ್ ನಂಬರು. ಶೀಟ್‌ನಲ್ಲಿ ಯಾರು ಯಾವಾಗ ಏನು ಬದಲಿಸಿದರು ಅನ್ನೋದು ವರ್ಷನ್ ಹಿಸ್ಟರಿಯಲ್ಲಿ ಉಳಿಯುತ್ತದೆ. ಹಾಗಾಗಿ "ನಾನಲ್ಲ" ಅನ್ನುವ ಮಾತು ಬರುವುದಿಲ್ಲ, ನಿಮ್ಮಿಂದಲೂ ಕೂಡ.

ನೋಟ್‌ಬುಕ್‌ನ ಕೊನೆ ಪುಟದಲ್ಲಿ ಇದನ್ನೂ ಬರೆಯಿರಿ: ಕೇಳದೇ ಮಾಡಬಹುದಾದ್ದು ಯಾವುದು, ಮಾಡಿ ಆಮೇಲೆ ತಿಳಿಸಬೇಕಾದ್ದು ಯಾವುದು, ಕೇಳಿಯೇ ಮಾಡಬೇಕಾದ್ದು ಯಾವುದು. ರೇಟ್ ಇಳಿಸೋದು ಕೇಳಿಯೇ ಮಾಡಬೇಕಾದ್ದು. ಇದರಲ್ಲಿ ರಾಜಿ ಬೇಡ.

3. ಹುಡುಕೋದು

ನಮ್ಮ ಕಡೆಯವರನ್ನೇ ಹುಡುಕಿ. ದೂರದ ಊರಿನವರು ಚೆಂದದ ಇಂಗ್ಲಿಷ್ ಬರೆಯಬಹುದು, ಆದರೆ ಮೇಲಿನ ವಾಯ್ಸ್ ಮೆಸೇಜ್ ಅವರಿಗೆ ಅರ್ಥವಾಗಲ್ಲ. ಬಿ.ಕಾಂ. ಓದಿ ಮಕ್ಕಳು ಸಣ್ಣವರು ಅಂತ ಮನೆಯಲ್ಲಿರುವ ಹೆಣ್ಣುಮಕ್ಕಳು ಎಷ್ಟೋ ಜನ ಇದ್ದಾರೆ. ನಿಮ್ಮ ಆಡಿಟರ್ ಆಫೀಸಿನಲ್ಲಿ ಒಂದು ಮಾತು ಹೇಳಿಡಿ. ಜನ ಹುಡುಕಿಕೊಡ್ತೀವಿ, ಮೊದಲು ಫೀಸ್ ಕಟ್ಟಿ ಅನ್ನುವವರ ಸಹವಾಸ ಬೇಡ.

ಇನ್ನೊಂದು, ಒಂದೇ ಸಲಕ್ಕೆ ಸಾವಿರಾರು ಜನಕ್ಕೆ ವಾಟ್ಸ್‌ಆ್ಯಪ್ ಕಳಿಸುವ ಸಾಫ್ಟ್‌ವೇರ್ ಅಂತ ಮಾರಿಕೊಂಡು ಬರುತ್ತಾರಲ್ಲ, ಅಸಿಸ್ಟೆಂಟ್ ಬದಲು ಅದೇ ಸಾಕು ಅಂದುಕೊಳ್ಳಬೇಡಿ. ಹಾಗೆ ಕಳಿಸಿದ್ದಕ್ಕೆ ವಾಟ್ಸ್‌ಆ್ಯಪ್‌ನವರು ನಂಬರ್ ಬ್ಯಾನ್ ಮಾಡಿದರೆ ವರ್ಷಗಟ್ಟಲೆ ಕೂಡಿಸಿದ ಗಿರಾಕಿಗಳು ಹೋದಂಗೇ.

4. ಪರೀಕ್ಷೆ

ಸಂದರ್ಶನದಲ್ಲಿ ಏನೂ ಗೊತ್ತಾಗಲ್ಲ. ನಿಜವಾಗಿ ಬಂದ ಹತ್ತು ಮೆಸೇಜ್, ಹೆಸರು ನಂಬರ್ ತೆಗೆದು, ನೋಟ್‌ಬುಕ್ ಜೊತೆ ಕೊಡಿ. ಉತ್ತರ ಬರೆಸಿ. ಗೊತ್ತಿಲ್ಲದ್ದನ್ನು ಊಹೆ ಮಾಡಿ ಬರೆದವರಿಗಿಂತ "ಇದನ್ನು ನಿಮ್ಮನ್ನು ಕೇಳಬೇಕು" ಅಂತ ಗುರುತು ಹಾಕಿದವರನ್ನು ತಗೊಳ್ಳಿ. ಆ ದಿನದ ಕೂಲಿ ಕೊಡಿ, ಸುಮ್ನೆ ಮಾಡಿಸಿಕೊಳ್ಳಬೇಡಿ.

5. ಬೀಗದ ಕೈ

ಪಾಸ್‌ವರ್ಡ್ ಮತ್ತು ಓಟಿಪಿ ಯಾರಿಗೂ ಕೊಡಬೇಡಿ. ಕೊಡುವ ಅಗತ್ಯವೂ ಇಲ್ಲ. ಅಂಗಡಿಗೆ ಬೇರೆ ಸಿಮ್ ಇರಲಿ, ಯಾಕೆಂದರೆ ನಿಮ್ಮ ಸ್ವಂತ ನಂಬರಿಗೇ ಅವರ ಕಂಪ್ಯೂಟರ್ ಲಿಂಕ್ ಮಾಡಿದರೆ ನಿಮ್ಮ ಮನೆಯವರ ಚಾಟ್ ಕೂಡ ಅವರಿಗೆ ಕಾಣುತ್ತದೆ. ಅಂಗಡಿ ನಂಬರಿನ ವಾಟ್ಸ್‌ಆ್ಯಪ್ ಬಿಸಿನೆಸ್‌ಗೆ ಅವರ ಕಂಪ್ಯೂಟರನ್ನು ಲಿಂಕ್ಡ್ ಡಿವೈಸ್ ಆಗಿ ಸೇರಿಸಿ. ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ಆದರೆ ಮೆಟಾ ಬಿಸಿನೆಸ್ ಸೂಟ್‌ನಿಂದ ಪ್ರವೇಶ ಕೊಡಿ. ಗೂಗಲ್ ಮ್ಯಾಪ್‌ನಲ್ಲಿರುವ ಅಂಗಡಿಗೆ ಅವರು ಮ್ಯಾನೇಜರ್, ನೀವು ಓನರ್. ಟ್ಯಾಲಿಯಲ್ಲಿ ಡೇಟಾ ಎಂಟ್ರಿ ಯೂಸರ್ ಮಾಡಿಕೊಡಿ. 50,000 ರೂಪಾಯಿ ಮೇಲಿನ ಮಾಲು ಕಳಿಸುವಾಗ ಇ-ವೇ ಬಿಲ್ (ಮಾಲು ಸಾಗಿಸೋದಕ್ಕೆ ಆನ್‌ಲೈನ್‌ನಲ್ಲಿ ಮಾಡುವ ಜಿಎಸ್‌ಟಿ ಚೀಟಿ) ಬೇಕಲ್ವಾ, ಆ ಪೋರ್ಟಲ್‌ನಲ್ಲೂ ಸಬ್ ಯೂಸರ್ ಮಾಡಬಹುದು.

ಜಿಎಸ್‌ಟಿ ರಿಟರ್ನ್ ಮಾತ್ರ ಆಡಿಟರ್‌ಗೇ ಬಿಡಿ. ತಿಂಗಳ ರಿಟರ್ನ್ ಹಾಕುವವರಿಗೆ ಮಾರಾಟದ ವಿವರ ಕೊಡುವ ಜಿಎಸ್‌ಟಿಆರ್-1ಕ್ಕೆ ಮುಂದಿನ ತಿಂಗಳ 11ನೇ ತಾರೀಖು, ತೆರಿಗೆ ಕಟ್ಟುವ ಜಿಎಸ್‌ಟಿಆರ್-3ಬಿಗೆ 20 ಕೊನೆ ದಿನ. ಹಾಗಾಗಿ ಬಿಲ್ ಏರಿಸೋದು 5ರೊಳಗೆ ಮುಗಿಯಲಿ.

ದುಡ್ಡು ಹಾಕಿದ್ದೀನಿ ಅಂತ ಗಿರಾಕಿ ಸ್ಕ್ರೀನ್‌ಶಾಟ್ ಕಳಿಸಿದರೆ ಅದನ್ನು ನಂಬುವಂತಿಲ್ಲ. ಖಾತೆಗೆ ಬಂತು ಅಂತ ಅಂಗಡಿಯಿಂದ ಹೇಳುವವರೆಗೆ ಪಾರ್ಸಲ್ ಬಸ್ ಹತ್ತಬಾರದು.

6. ಮೊದಲ ತಿಂಗಳು

ಗಂಟೆ ಲೆಕ್ಕ ಬೇಡ, ದಿನಕ್ಕೆ ಇಷ್ಟು ಹೊತ್ತಿಂದ ಇಷ್ಟು ಹೊತ್ತಿಗೆ ಅಂತ ಗೊತ್ತುಮಾಡಿ ತಿಂಗಳ ಸಂಬಳ ಕೊಡಿ. ರಾತ್ರಿ ಹತ್ತಕ್ಕೆ ಮೆಸೇಜ್ ಹಾಕಿ ಉತ್ತರ ಬರಲಿಲ್ಲ ಅಂತ ಸಿಟ್ಟಾಗಬೇಡಿ. ಅಂಗಡಿ ಬಾಗಿಲು ಹಾಕುವ ಹೊತ್ತಿಗೆ ಹತ್ತು ನಿಮಿಷ ಫೋನಿನಲ್ಲಿ ಮಾತಾಡಿ, ಆವತ್ತು ಅವರು ಕೇಳಿದ ಹೊಸ ಪ್ರಶ್ನೆಯನ್ನೆಲ್ಲ ನೋಟ್‌ಬುಕ್‌ಗೆ ಸೇರಿಸಿ.

ಅವರು ಕೆಲಸ ಬಿಟ್ಟರೆ ಆವತ್ತೇ ಲಿಂಕ್ಡ್ ಡಿವೈಸ್‌ನಲ್ಲಿ ಅವರ ಕಂಪ್ಯೂಟರ್ ಲಾಗ್‌ಔಟ್ ಮಾಡಿ, ಶೀಟ್‌ನಿಂದ ಅವರ ಮೇಲ್ ತೆಗೆಯಿರಿ, ಟ್ಯಾಲಿ ಯೂಸರ್ ಮುಚ್ಚಿ. ಬಾಕಿ ಸಂಬಳವನ್ನೂ ಆವತ್ತೇ ಕೊಟ್ಟುಬಿಡಿ.