ದೇಶದ ರಕ್ಷಣಾ ರೂಢಿ ಗುರುತಿಸೋದು ಹೆಂಗ?

ಧಾರವಾಡದ ಸಪ್ತಾಪುರದಾಗ, ಒಂದು ಖಾನಾವಳಿಯ ಮ್ಯಾಲಿನ ಕೋಣೆಯಲ್ಲಿ ಕೆಎಎಸ್ ಹುಡುಗರಿಗೆ ಪಾಠ ಹೇಳುತ್ತೇನೆ. ರಕ್ಷಣಾ ನೀತಿಯ ಪ್ರಶ್ನೆ ಬಂತೆಂದರೆ ಎಲ್ಲರೂ ಯುದ್ಧವಿಮಾನಗಳ ಹೆಸರು ಬರೆಯಲು ಶುರು ಮಾಡುತ್ತಾರೆ. ಅದನ್ನು ಬಿಟ್ಟು ಮೊದಲು ನಿಮ್ಮ ಮನೆಯ ಜೋಳದ ಚೀಲ ಎಣಿಸಿರಿ.

ರೋಣದ ಕಡೆಯ ನಮ್ಮ ಮನೆಯಲ್ಲಿ ಅಜ್ಜನ ಕಾಲಕ್ಕೆ ಹಗೇವು ಇತ್ತು. ಬರಗಾಲಕ್ಕಿರಲಿ ಅಂತ ನೆಲದೊಳಗೆ ಜೋಳ ತುಂಬಿ ಬಾಯಿ ಮುಚ್ಚುತ್ತಿದ್ದರು. ಈಗ ಆ ಹಗೇವೂ ಇಲ್ಲ, ರೇಷನ್ ಅಕ್ಕಿ ಬರುತ್ತದೆ. ಆದರೂ ಅವ್ವ ಎರಡು ವರ್ಷದ ಜೋಳ ಕೂಡಿಡುತ್ತಾಳೆ, ನುಸಿ ಹಿಡಿಯದಂತೆ ಬೇವಿನೆಲೆ ಹಾಕುತ್ತಾಳೆ. ಯಾಕವ್ವಾ ಅಂದರೆ, "ಇರ್ಲಿ ತಗೋ" ಅಂತಾಳೆ. ದೇಶಗಳಿಗೂ ಇಂಥ "ಇರ್ಲಿ ತಗೋ" ಇರುತ್ತದೆ. ಸೋವಿಯತ್ ಅಣ್ವಸ್ತ್ರ ಚಿಂತನೆ ಕುರಿತು 1977ರಲ್ಲಿ ಬರೆದ ಅಮೆರಿಕದ ವಿದ್ವಾಂಸ ಜ್ಯಾಕ್ ಸ್ನೈಡರ್ ಇದನ್ನೇ ಸ್ಟ್ರಾಟೆಜಿಕ್ ಕಲ್ಚರ್, ಅಂದರೆ ದೇಶದ ರಕ್ಷಣಾ ಸಂಸ್ಕೃತಿ, ಅಂದದ್ದು.

ಹಂಗಾದರೆ ಹುಡುಕೋದು ಹೆಂಗ? ನಿಯಮ ಹೋದ ಮೇಲೂ ಏನು ಉಳಿಯಿತು ನೋಡಿರಿ. ಜಪಾನಿನ 1947ರ ಸಂವಿಧಾನದ 9ನೇ ವಿಧಿ ಯುದ್ಧವನ್ನೇ ತ್ಯಜಿಸಿತು. ರಕ್ಷಣಾ ಖರ್ಚು ರಾಷ್ಟ್ರೀಯ ಉತ್ಪನ್ನದ ಶೇ 1 ದಾಟಬಾರದೆಂದು 1976ರಲ್ಲಿ ಸಂಪುಟ ಗೆರೆ ಹಾಕಿತು. 1987ರಲ್ಲಿ ಆ ಗೆರೆ ಅಳಿಸಿದರು. ಖರ್ಚು ಮಾತ್ರ ಮುಂದೆ ಮೂವತ್ತು ವರ್ಷ ಶೇ 1ರ ಸುತ್ತಮುತ್ತಲೇ ಕೂತಿತ್ತು! ಉಕ್ರೇನ್ ಯುದ್ಧ, ಚೀನಾ, ಉತ್ತರ ಕೊರಿಯಾದ ಕ್ಷಿಪಣಿ ಎಲ್ಲ ಒಟ್ಟಿಗೆ ಕಣ್ಣಿಗೆ ಹೊಡೆದ ಮೇಲೆ, 2022ರ ಡಿಸೆಂಬರಿನಲ್ಲಿ, 2027ರ ಹೊತ್ತಿಗೆ ಶೇ 2ಕ್ಕೆ ಏರಿಸುವ ತೀರ್ಮಾನವಾಯಿತು.

ಆಮೇಲೆ, ಪಕ್ಷ ಬದಲಾದರೂ ಬದಲಾಗದ್ದಕ್ಕೆ ಗೆರೆ ಎಳೆಯಿರಿ. 1974ರ ಪೋಖ್ರಾನ್ ಸ್ಫೋಟವನ್ನು ನಾವು 'ಶಾಂತಿಯುತ' ಅಂದೆವು. 1998ರಲ್ಲಿ ಬಾಂಬ್ ಪರೀಕ್ಷಿಸಿದವರೇ 'ಮೊದಲು ಬಳಸುವುದಿಲ್ಲ' ಅಂದರು. ಮೂರೂ ಪಡೆಗಳಿಗೆ ಒಬ್ಬ ಮುಖ್ಯಸ್ಥ ಬೇಕೆಂದು ಕಾರ್ಗಿಲ್ ನಂತರ, 2001ರಲ್ಲೇ, ಸಚಿವರ ಗುಂಪು ಹೇಳಿತ್ತು. ಹುದ್ದೆಗೆ ಆಳು ಬಂದದ್ದು 2020ರ ಜನವರಿ 1ಕ್ಕೆ. ನಡುವೆ ಎರಡೂ ಮೈತ್ರಿಕೂಟಗಳು ಆಳಿದವು. ಅಷ್ಟು ಅಧಿಕಾರ ಒಬ್ಬ ದಂಡನಾಯಕನ ಕೈಗೆ ಕೊಡಲು ಅಳುಕು ಅಂತ ನಾನು ಓದಿಕೊಂಡಿದ್ದೇನೆ. ನೀವು ಬೇರೆ ಓದಬಹುದು.

ಒಂದು ಎಚ್ಚರ. ಓದುವಾಗ ನಾನು 1962ರ ಚೀನಾ ಯುದ್ಧದ ನಂತರ ಕಟ್ಟಿದ ಪರ್ವತ ಡಿವಿಜನ್‌ಗಳಿಗೂ (ಬೆಟ್ಟದಾಗ ಕಾದುವ ಸೇನಾ ತುಕಡಿಗಳಿಗೂ) ಈ ಸಂಸ್ಕೃತಿಯೇ ಕಾರಣ ಅಂತ ಎಂಟು ಪುಟ ತುಂಬಿದ್ದೆ. ಸೋಲಿನ ಮಾತೇ ಇರಲಿಲ್ಲ. ಮಾಸ್ತರರು ಹಾಳೆಯ ಅಂಚಿಗೆ ಕೆಂಪು ಶಾಯಿಯಲ್ಲಿ ಬರೆದಿದ್ದರು: "ತಮ್ಮಾ, ಹಿಮಾಲಯ ಎಲ್ಲಿ ಹೋತು?"