ರೀವೋ ಮಠದ ಗೋಡೆಗೆ ಸುಣ್ಣದ ಗಾರೆ ತುಂಬಿದ್ದು

ಚಾವಣಿ ಹೋದ ಮೇಲೆ ಗೋಡೆ ಎಷ್ಟು ದಿನ ನಿಂತೀತು? ಇಂಗ್ಲೆಂಡಿನ ನಾರ್ತ್ ಯಾರ್ಕ್‌ಷೈರ್‌ನ ರೀವೋ ಮಠದಲ್ಲಿ ನಮ್ಮ ಕೆಲಸವೆಲ್ಲ ಇದರ ಸುತ್ತಲೇ. 1132ರಲ್ಲಿ ಸಿಸ್ಟರ್ಸಿಯನ್ ಎಂಬ ಕ್ರೈಸ್ತ ಪಂಥದ ಸನ್ಯಾಸಿಗಳು ಶುರು ಮಾಡಿದ ಮಠ ಇದು. 1538ರಲ್ಲಿ ದೊರೆ ಎಂಟನೇ ಹೆನ್ರಿಯ ಕಾಲದಲ್ಲಿ ಮುಚ್ಚಿತು. ಚಾವಣಿಗೆ ಹೊದಿಸಿದ್ದ ಸೀಸವನ್ನು ಕಿತ್ತು ಕರಗಿಸಿದರು. ಆ ಸೀಸದ ಕೆಲವು ಗಟ್ಟಿಗಳು 1920ರ ದಶಕದಲ್ಲಿ ಇಲ್ಲೇ ಕುಸಿದ ಕಲ್ಲಿನಡಿ ಸಿಕ್ಕಿ, ಯಾರ್ಕ್ ನಗರದ ದೊಡ್ಡ ಚರ್ಚು ಯಾರ್ಕ್ ಮಿನ್‌ಸ್ಟರ್‌ನ ಕಿಟಕಿ ರಿಪೇರಿಗೆ ಹೋದವು. ಗೋಡೆಗಳ ಮೇಲೆ ಮಾತ್ರ ಅವತ್ತಿಂದ ಮಳೆ ನೇರವಾಗಿ ಬೀಳುತ್ತಲೇ ಇದೆ.

ಹಳೆ ಕಲ್ಲುಗೋಡೆಗಳ ದುರಸ್ತಿ ನನ್ನ ಕಸುಬು. ಇಲ್ಲಿ ಸಂದಿಗಳಿಗೆ ಗಾರೆ ತುಂಬುವ ತಂಡದಲ್ಲಿ ನಾನೂ ಇದ್ದೆ. ರಕ್ಷಿತ ಸ್ಮಾರಕ ಆದ್ದರಿಂದ 1979ರ ಪ್ರಾಚೀನ ಸ್ಮಾರಕಗಳ ಕಾಯ್ದೆ ಪ್ರಕಾರ ಒಪ್ಪಿಗೆ ಇಲ್ಲದೆ ಒಂದು ಕಲ್ಲನ್ನೂ ಮುಟ್ಟುವ ಹಾಗಿಲ್ಲ. ಬಿದ್ದದ್ದನ್ನು ಮತ್ತೆ ಎಬ್ಬಿಸುವುದೂ ಇಲ್ಲ. ಪಾಳು ಪಾಳಾಗಿಯೇ ಇರಬೇಕು, ಇನ್ನಷ್ಟು ಬೀಳಬಾರದು, ಅಷ್ಟೇ. 1917ರಲ್ಲಿ ಮಠ ಸರ್ಕಾರದ ವಶಕ್ಕೆ ಬಂದ ಮೇಲೆ ಅಂದಿನ ಎಂಜಿನಿಯರುಗಳೂ ಹೀಗೇ ಯೋಚಿಸಿದ್ದರು. ಎತ್ತರದ ಗೋಡೆಗಳ ಒಳಗೆ ಕಣ್ಣಿಗೆ ಕಾಣದ ಹಾಗೆ ಕಾಂಕ್ರೀಟ್ ತೊಲೆ ಕೂರಿಸಿದರು.

ಈ ಗೋಡೆಗಳಿಗೆ ಎರಡು ಮುಖ, ಎರಡೂ ಕೆತ್ತಿದ ಕಲ್ಲಿನವು. ನಡುವೆ ಚೂರುಕಲ್ಲು, ಸುಣ್ಣ. ನೀರು ನೆತ್ತಿಯಿಂದ ಇಳಿದು ನಡುವೆ ಸೇರುತ್ತದೆ. ಚಳಿಗಾಲದಲ್ಲಿ ಹೆಪ್ಪುಗಟ್ಟಿ ಉಬ್ಬುತ್ತದೆ, ಕಲ್ಲು ಸೀಳುತ್ತದೆ. ಒಳಗೆ ಹೋದ ನೀರು ಸಂದಿಯ ಗಾರೆಯ ಮೂಲಕ ಹೊರಗೆ ಬಂದು ಆರಬೇಕು. ಅಲ್ಲಿ ಸಿಮೆಂಟ್ ಮೆತ್ತಿದರೆ ದಾರಿ ಮುಚ್ಚಿತು. ಆಗ ನೀರು ಕಲ್ಲಿನ ಮೂಲಕವೇ ಹೊರಡುತ್ತದೆ, ಜೊತೆಗೆ ಉಪ್ಪನ್ನೂ ತರುತ್ತದೆ. ಕಲ್ಲಿನ ಮುಖ ಪುಡಿಪುಡಿಯಾಗಿ ಉದುರುತ್ತದೆ, ಸಿಮೆಂಟ್ ಮಾತ್ರ ಅಂಚಿನ ಹಾಗೆ ಮುಂದೆ ಚಾಚಿ ನಿಂತಿರುತ್ತದೆ. ಇಂಥ ಗೋಡೆಗಳನ್ನು ನೋಡಿದ್ದೇನೆ, ಸಂಕಟವಾಗುತ್ತದೆ. ಗಾರೆ ಯಾವತ್ತೂ ಕಲ್ಲಿಗಿಂತ ಮೆತ್ತಗಿರಬೇಕು.

ಸಾರವೆ ಹತ್ತಿದ ಮೇಲೆ ಮೊದಲ ಕೆಲಸ ಟಾರ್ಚ್ ಹಿಡಿದು ಸಂದಿಗಳನ್ನು ನೋಡುವುದು. ಬಾವಲಿ ಇದ್ದರೆ ಆ ಸಂದಿ ಹಾಗೇ ಬಿಡಬೇಕು. ಇಲ್ಲಿ ಬಾವಲಿಗೂ ಕಾನೂನಿನ ರಕ್ಷಣೆ ಇದೆ. ಆಮೇಲೆ ಸಡಿಲವಾದ ಗಾರೆಯನ್ನಷ್ಟೇ ಸಣ್ಣ ಉಳಿಯಿಂದ ಕೈಯಲ್ಲೇ ಕೆರೆಯುತ್ತಿದ್ದೆವು, ಸಂದಿಯ ಅಗಲದ ಎರಡರಷ್ಟು ಆಳಕ್ಕೆ. ಮೆಷಿನ್ನಿಗೆ ಜಾಗವೇ ಇಲ್ಲ, ಅದರ ಬ್ಲೇಡು ಕಲ್ಲಿನ ಅಂಚನ್ನೇ ತಿಂದುಬಿಡುತ್ತದೆ. ಗಟ್ಟಿಯಾಗಿರುವ ಹಳೆ ಗಾರೆಯನ್ನು ಸುಮ್ನೆ ಮುಟ್ಟಬಾರದು.

ಧೂಳು ತೊಳೆದು ಸಂದಿಯನ್ನು ಚೆನ್ನಾಗಿ ನೆನೆಸಬೇಕು. ಒಣಗಿದ ಕಲ್ಲು ಗಾರೆಯ ನೀರನ್ನೆಲ್ಲ ಹೀರಿಬಿಡುತ್ತದೆ. ಒಂದು ಪಾಲು ಸುಣ್ಣಕ್ಕೆ ಎರಡೂವರೆ ಪಾಲು ಮರಳು. ನೀರು ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು. ಮುಷ್ಟಿಯಲ್ಲಿ ಹಿಸುಕಿದರೆ ಉಂಡೆಯಾಗಬೇಕು, ಅಂಗೈ ಒದ್ದೆಯಾಗಬಾರದು. ತೆಳು ಕರಣೆಯಿಂದ ಒಳಕ್ಕೆ ಒತ್ತಿ ಒತ್ತಿ ತುಂಬುತ್ತಿದ್ದೆ. ಸ್ವಲ್ಪ ಬಿಗಿದ ಮೇಲೆ ಗಡುಸು ಬ್ರಷ್ಷಿನ ತುದಿಯಿಂದ ಕುಟ್ಟಬೇಕು. ಮೇಲಿನ ಸುಣ್ಣದ ಕೆನೆ ಹೋಗಿ ಮರಳಿನ ಕಾಳು ಕಾಣಬೇಕು. ಆ ಮುಖ ಉಸಿರಾಡುತ್ತದೆ, ಹಳೆ ಗಾರೆಗೂ ಹೊಂದುತ್ತದೆ.

ಎಲ್ಲರೂ ಅವಸರ ಮಾಡುವುದು ಇದಾದ ಮೇಲೆ. ತುಂಬಿದ ಗಾರೆ ನಿಧಾನಕ್ಕೆ ಆರಬೇಕು. ಒದ್ದೆ ಗೋಣಿ ಇಳಿಬಿಟ್ಟು, ಅದು ಒಣಗದ ಹಾಗೆ ದಿನವೂ ನೀರು ಸಿಂಪಡಿಸುತ್ತಿದ್ದೆವು. ಉಷ್ಣಾಂಶ 5 ಡಿಗ್ರಿಗಿಂತ ಕೆಳಗೆ ಹೋಗುವ ದಿನಗಳಲ್ಲಿ ಕೆಲಸವೇ ಇಲ್ಲ, ಹಸಿ ಗಾರೆ ಹೆಪ್ಪುಗಟ್ಟಿದರೆ ಪುಡಿಯಾಗುತ್ತದೆ. ಹಾಗಾಗಿ ವಸಂತದಿಂದ ಶರತ್ಕಾಲದ ಆರಂಭದವರೆಗೆ ಮಾತ್ರ.

ನೆತ್ತಿಯ ಕಥೆ ಬೇರೆ. ಹಿಂದೆ ಅಲ್ಲಿಗೂ ಗಟ್ಟಿ ಗಾರೆಯ ಮುಚ್ಚಳ ಹಾಕುತ್ತಿದ್ದರು. ಅದು ಬಿರುಕು ಬಿಟ್ಟರೆ ನೀರಿಗೆ ದಾರಿ ಮಾಡಿಕೊಟ್ಟ ಹಾಗೆ. ಈಗ ಇಂಗ್ಲೆಂಡಿನ ಕೆಲವು ಪಾಳು ಕಟ್ಟಡಗಳಲ್ಲಿ ಮಣ್ಣು, ಹುಲ್ಲಿನ ಹೊದಿಕೆ ಹಾಸುತ್ತಾರೆ. ಮಳೆನೀರನ್ನು ಹುಲ್ಲು ಹಿಡಿದಿಟ್ಟುಕೊಳ್ಳುತ್ತದೆ, ಹಿಮದ ಏಟೂ ಕಲ್ಲಿಗೆ ಕಡಿಮೆ. ನನಗೆ ಈ ವಿಧಾನವೇ ಜಾಸ್ತಿ ಇಷ್ಟ. ಆದರೆ ಗಿಡಮರದ ಸಸಿ ಮೊಳೆತರೆ ಬೇರು ಇಳಿಯುವ ಮೊದಲೇ ಕೀಳಬೇಕು. ಅದಕ್ಕೆ ಪ್ರತಿ ವರ್ಷ ಯಾರಾದರೂ ಮೇಲೆ ಹತ್ತಿ ನೋಡಲೇಬೇಕು.